ಜಡಿಮಳೆಯಲ್ಲಿ ಫಾರ್ಮಿನ ಕೋಳಿ: ಮೊದಲು ಕಾಲ ಕೆಳಗೆ ನೋಡಿ

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಮನೆ ಹಿಂದೆ ಹಿತ್ತಲು, ಅದರ ಕೆಳಗೆ ಅಡಿಕೆ ತೋಟ. ಮೇ ಕೊನೆಯಲ್ಲಿ ಬಯಲುಸೀಮೆ ಕಡೆಯ ಒಂದು ಮೊಟ್ಟೆ ಫಾರ್ಮಿನಲ್ಲಿ ವಯಸ್ಸಾದ ಕೋಳಿಗಳನ್ನು ಮಾಂಸಕ್ಕೆ ಲೋಡ್ ಮಾಡ್ತಾ ಇದ್ದರು. ನೋಡೋಕೆ ಆಗಲಿಲ್ಲ, 12 ಕೋಳಿ ಕೊಂಡು ತಂದೆ. ಬೆನ್ನು, ಕುತ್ತಿಗೆ ಬರೀ ಚರ್ಮ. ಹಿತ್ತಲಿನ ಮೂಲೆಯಲ್ಲಿ ಶೀಟು ಹೊದಿಸಿ ಗೂಡು ಮಾಡಿದೆವು. ಮೊದಮೊದಲು ಚೆನ್ನಾಗೇ ಇದ್ದವು, ಮಣ್ಣು ಕೆದಕೋದು ಕಲಿತವು. ಆರಿದ್ರಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ನೆಲ ಪೂರ್ತಿ ಕೆಸರು. ಇರಚಲು ಹೊಡೆಯುತ್ತೆ ಅಂತ ನಾಲ್ಕೂ ಕಡೆ ಟಾರ್ಪಾಲು ಕಟ್ಟಿದ್ದೇವೆ. ಕೆಲವು ಕೋಳಿ ಮೈ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿರುತ್ತವೆ. ಹಿಕ್ಕೆ ನೀರುನೀರು, ಒಮ್ಮೊಮ್ಮೆ ಚಾಕಲೇಟ್ ಬಣ್ಣ, ಒಂದೆರಡು ಸಲ ರಕ್ತವೂ ಕಂಡಿತು. ಎರಡು ಸತ್ತವು. ಇನ್ನೊಂದು ಕುಂಟುತ್ತಿದೆ. ಅತ್ತೆ ಕೊಟ್ಟಿಗೆಗೆ ಹಾಕು ಅಂತಾರೆ. ಪಕ್ಕದ ಮನೆಯವರು "ಚಳಿಗೆ ಸಾಯ್ತಿವೆ, ಬಲ್ಬ್ ಹಾಕಿ, ಸುಣ್ಣ ಎರಚಿ" ಅಂತಾರೆ. ಅವರ ನಾಟಿ ಕೋಳಿಗಳು ಮಳೆಯಲ್ಲೇ ಓಡಾಡಿಕೊಂಡು ಆರಾಮಾಗಿವೆ. ನಮ್ಮ ಯಜಮಾನರು "ಫಾರ್ಮ್ ಕೋಳಿ ಹೇಗೂ ಬದುಕಲ್ಲ ಬಿಡು" ಅಂದುಬಿಟ್ಟರು. ತಂದಿದ್ದೇ ತಪ್ಪಾಯಿತಾ? ಈಗ ಏನು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು. ಹಿಕ್ಕೆಯಲ್ಲಿ ರಕ್ತ, ಮೈ ಉಬ್ಬಿಸಿಕೊಂಡು ಕೂರೋದು, ಎರಡು ಸಾವು. ಈ ಮೂರೂ ಕೂಡಿ ಬಂದಾಗ ನನ್ನ ಮೊದಲ ಅನುಮಾನ ಕಾಕ್ಸಿಡಿಯೋಸಿಸ್, ಅಂದರೆ ಕೋಳಿಗಳ ರಕ್ತಭೇದಿ. ಕರುಳಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಕಾಕ್ಸಿಡಿಯಾ ಅನ್ನುವ ಪರಾವಲಂಬಿಯಿಂದ ಬರುತ್ತದೆ. ಇದಕ್ಕೆ ಔಷಧಿ ಇದೆ, ಬೇಗ ಕೊಟ್ಟರೆ ಕೆಲಸ ಮಾಡುತ್ತದೆ, ತಡ ಮಾಡಿದರೆ ಮಾಡುವುದಿಲ್ಲ. ಇದನ್ನು ಓದಿದ ದಿನವೇ ಆ ಬೆಳಗಿನ ಹಸಿ ಹಿಕ್ಕೆಯನ್ನು ನಾಲ್ಕೈದು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹೋಗಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದವರ ಜೊತೆ ಮಾತಾಡಿ.

ಇನ್ನೊಂದು ಕೋಳಿ ಸತ್ತರೆ ಸುಮ್ನೆ ಹೂಳಬೇಡಿ. ಐಸ್ ಜೊತೆ ಡಬ್ಬದಲ್ಲಿಟ್ಟು ಅವತ್ತೇ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಮರಣೋತ್ತರ ಪರೀಕ್ಷೆಗೆ ಕಳಿಸುವ ದಾರಿ ನೋಡಿ. ಫ್ರೀಜರಿನಲ್ಲಿ ಇಡಬೇಡಿ, ಗಟ್ಟಿಯಾಗಿ ಕರಗಿದ ಕರುಳಿನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಒಂದು ಸತ್ತ ಕೋಳಿ ಉಳಿದ ಒಂಬತ್ತಕ್ಕೆ ಏನು ಕೊಡಬೇಕು ಅಂತ ಹೇಳಬಲ್ಲದು. ಆದರೆ ಒಂದೇ ದಿನ ಹಲವು ಕೋಳಿ ಒಟ್ಟಿಗೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಮುಖ ಊದಿದರೆ ಮುಟ್ಟಲೂ ಬೇಡಿ, ಸಾಗಿಸಲೂ ಬೇಡಿ. ನೇರ ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಜ್ವರ ಕರ್ನಾಟಕಕ್ಕೆ ಹೊಸದಲ್ಲ. 2025ರಲ್ಲೂ ಬಳ್ಳಾರಿ, ಚಿಕ್ಕಬಳ್ಳಾಪುರ ಕಡೆ ಬಂದಿತ್ತು. ನೀವು ಬರೆದದ್ದು ನೋಡಿದರೆ ನಿಮ್ಮಲ್ಲಿ ಅದು ಅನಿಸುವುದಿಲ್ಲ, ಆದರೂ ಈ ಗುರುತುಗಳು ತಲೆಯಲ್ಲಿರಲಿ.

ಚಾಕಲೇಟ್ ಬಣ್ಣದ ಹಿಕ್ಕೆಗೆ ಹೆದರಬೇಡಿ. ಕೋಳಿಗೆ ಎರಡು ಕುರುಡು ಕರುಳು ಇರುತ್ತವೆ. ಸುಮಾರು ಎಂಟು ಹತ್ತು ಸಲಕ್ಕೊಮ್ಮೆ ಅದರೊಳಗಿನದ್ದು ಹೊರಗೆ ಬರುತ್ತದೆ: ಕಂದು ಬಣ್ಣ, ಅಂಟಂಟು, ಕೆಟ್ಟ ವಾಸನೆ. ಅದು ಆರೋಗ್ಯದ ಗುರುತೇ. ರಕ್ತ ಬೇರೆ. ಅದು ಕೆಂಪಗೆ ಎದ್ದು ಕಾಣುತ್ತದೆ, ಇಲ್ಲವೇ ತುಕ್ಕು ಬಣ್ಣದ ಲೋಳೆಯಾಗಿ ಬರುತ್ತದೆ. ಅನುಮಾನ ಇದ್ದರೆ ರಾತ್ರಿ ಕೋಳಿ ಕೂರುವ ಜಾಗದ ಕೆಳಗೆ ಒಂದು ಅಡಿಕೆ ಹಾಳೆ ಅಥವಾ ಹಳೇ ಪೇಪರ್ ಹಾಸಿ, ಬೆಳಗ್ಗೆ ಬೆಳಕಿನಲ್ಲಿ ನೋಡಿ. ಕೆಸರಿನ ಮೇಲೆ ನೋಡಿದರೆ ಎಲ್ಲವೂ ಒಂದೇ ತರ ಕಾಣುತ್ತದೆ.

ಔಷಧಿ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಆಂಪ್ರೋಲಿಯಂ ಪುಡಿಯನ್ನು ಕುಡಿಯುವ ನೀರಿನಲ್ಲಿ ಹಾಕುತ್ತೇವೆ. 20 ಪರ್ಸೆಂಟ್ ಪುಡಿಯಾದರೆ ಲೀಟರಿಗೆ 1.2 ಗ್ರಾಂನಂತೆ ಐದು ದಿನ, ಆಮೇಲೆ ಅರ್ಧ ಪ್ರಮಾಣದಲ್ಲಿ ಕೆಲವು ದಿನ. ಇದು ಸಾಮಾನ್ಯ ಲೆಕ್ಕ. ನಿಮ್ಮ ಕೈಗೆ ಬಂದ ಪ್ಯಾಕೆಟ್ಟಿನ ಲೆಕ್ಕ, ನಿಮ್ಮ ಡಾಕ್ಟರ ಮಾತು ಅದಕ್ಕಿಂತ ಮೇಲು. ಈ ನೀರು ದಿನಾ ಹೊಸದಾಗಿ ಕಲಸಬೇಕು. ಆ ದಿನಗಳಲ್ಲಿ ಕೋಳಿಗೆ ಬೇರೆ ನೀರು ಸಿಗಬಾರದು. ನಿಮ್ಮ ಹಿತ್ತಲಿನಲ್ಲಿ ಹೆಜ್ಜೆಗೊಂದು ಹೊಂಡ ನಿಂತಿದೆ ಅಲ್ವಾ? ಕೋಳಿ ಅದನ್ನೇ ಕುಡಿಯುತ್ತದೆ, ಬಟ್ಟಲಿನ ಔಷಧಿ ಹಾಗೇ ಉಳಿಯುತ್ತದೆ, ನಾವು "ಔಷಧಿ ನಾಟಲಿಲ್ಲ" ಅನ್ನುತ್ತೇವೆ. ಆ ಐದು ದಿನ ಕಡ್ಡಾಯವಾಗಿ ಒಳಗೇ ಇಡಿ. ಜೊತೆಗೆ ಶಕ್ತಿಗೆ ಅಂತ ಬಿ ಕಾಂಪ್ಲೆಕ್ಸ್ ಟಾನಿಕ್ ಹಾಕಬೇಡಿ. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರಾವಲಂಬಿಗೆ ಬಿ1 ವಿಟಮಿನ್ ಸಿಗದ ಹಾಗೆ ತಡೆದು. ನೀವು ಮೇಲಿಂದ ವಿಟಮಿನ್ ಸುರಿದರೆ ಔಷಧಿಯನ್ನು ನೀವೇ ಕೆಡಿಸಿದ ಹಾಗಾಯಿತು. ಟಾನಿಕ್ ಕೋರ್ಸ್ ಮುಗಿದ ಮೇಲೆ ಕೊಡಿ.

ಈಗ ಉಳಿದದ್ದನ್ನು ನಿಧಾನವಾಗಿ ನೋಡೋಣ. ಪಕ್ಕದ ಮನೆಯವರ ಚಳಿಯ ಮಾತಿನಿಂದಲೇ ಶುರು ಮಾಡುತ್ತೇನೆ, ಎಲ್ಲ ಊರಿನಲ್ಲೂ ಇದನ್ನೇ ಕೇಳುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ರಾತ್ರಿ 20 ಡಿಗ್ರಿ ಆಸುಪಾಸು ಇರುತ್ತದೆ. ಕೋಳಿಯ ಮೈ ಬಿಸಿ 41 ಡಿಗ್ರಿಗೂ ಮೇಲೆ. ಒಣಗಿದ ಮೈಯ, ಪುಕ್ಕ ತುಂಬಿದ ಕೋಳಿಗೆ 20 ಡಿಗ್ರಿ ಚಳಿಯೇ ಅಲ್ಲ, ಅದು ಹಿತವಾದ ಹವೆ. ನಾಟಿ ಕೋಳಿ ಮಳೆಯಲ್ಲಿ ಓಡಾಡಿಕೊಂಡು ಆರಾಮಾಗಿರೋದು ಇದಕ್ಕೇ. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ. ಕೊಕ್ಕಿನಿಂದ ಅದನ್ನು ತೆಗೆದು ಒಂದೊಂದೇ ಪುಕ್ಕಕ್ಕೆ ಸವರಿಕೊಳ್ಳುತ್ತದೆ, ನೀರು ಜಾರಿ ಹೋಗುತ್ತದೆ. ಆ ಪುಕ್ಕವೇ ಅದರ ಕಂಬಳಿ ಕೊಪ್ಪೆ. ನಿಮ್ಮ ಕೋಳಿಗೆ ಆ ಕೊಪ್ಪೆ ಇಲ್ಲ. ಪಂಜರದ ತಂತಿಗೆ ಉಜ್ಜಿ ಉಜ್ಜಿ, ಪಕ್ಕದ ಕೋಳಿ ಕುಕ್ಕಿ ಕುಕ್ಕಿ ಬೆನ್ನು ಬೋಳಾಗಿದೆ. ಫಾರ್ಮಿನಲ್ಲಿ ಮರಿಯಿದ್ದಾಗಲೇ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ, ಹಾಗಾಗಿ ಇರುವ ಪುಕ್ಕವನ್ನೂ ಸರಿಯಾಗಿ ನೇವರಿಸಿಕೊಳ್ಳಲು ಬರುವುದಿಲ್ಲ. ಪಕ್ಕದ ಮನೆಯವರ ಕೋಳಿಯನ್ನು ನೋಡಿ ನಿಮ್ಮದನ್ನು ಅಳೆಯಬೇಡಿ. ಜಾತಿ ಒಂದೇ ಆದರೂ ಬಾಳು ಬೇರೆ.

ಹಾಗಂತ ಬಲ್ಬ್ ಬೇಕಾ? ಪೂರ್ತಿ ತೊಯ್ದು ನಡುಗುವ ಕೋಳಿ ಸಿಕ್ಕರೆ ಟವೆಲ್ಲಿನಿಂದ ಒತ್ತಿ ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಚ್ಚಲ ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಇಡಿ, ಹೊಗೆ ತಾಗದ ಹಾಗೆ. ಅಷ್ಟು ಸಾಕು. ಗೂಡಿನೊಳಗೆ ತಿಂಗಳುಗಟ್ಟಲೆ ಬಲ್ಬ್ ಉರಿಸೋದು ನನಗೆ ಒಪ್ಪಿಗೆಯಿಲ್ಲ. ಹಸಿ ಗೂಡು, ಜೋಡಿಸಿದ ವೈರು, ಕೆಳಗೆ ಒಣ ಹೊಟ್ಟು. ಶಾಕ್ ಆಗಬಹುದು, ಬೆಂಕಿಯೂ ಹತ್ತಬಹುದು. ಇಂಟರ್‌ನೆಟ್ಟಿನಲ್ಲಿ ಕೋಳಿಗೆ ಸ್ವೆಟರ್ ಹಾಕಿದ ಫೋಟೋ ನೋಡಿರಬಹುದು. ಅದೂ ಬೇಡ. ಹುಟ್ಟುತ್ತಿರುವ ಹೊಸ ಪುಕ್ಕದ ಮೊಳಕೆಯಲ್ಲಿ ರಕ್ತ ಹರಿಯುತ್ತಿರುತ್ತದೆ, ಒದ್ದೆ ಬಟ್ಟೆ ಅದಕ್ಕೆ ಉಜ್ಜಿದರೆ ಗಾಯವಾಗುತ್ತದೆ.

ನನ್ನ ಅನುಭವದಲ್ಲಿ ಮಳೆಗಾಲದಲ್ಲಿ ಇಂಥ ಕೋಳಿಗಳು ಸಾಯುವುದು ಮೇಲಿಂದ ಬಿದ್ದ ನೀರಿಗಿಂತ ಜಾಸ್ತಿ ಕಾಲ ಕೆಳಗಿನ ಹಸಿಯಿಂದ. ನಾವೆಲ್ಲ ಮಾಡು ನೋಡುತ್ತೇವೆ, ಶೀಟು ಸೋರುತ್ತಾ ಅಂತ ನೋಡುತ್ತೇವೆ. ನೆಲ ನೋಡುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ನೀವು ತಂದ ಕೋಳಿ ಒಂದೂವರೆ ವರ್ಷದ ಹತ್ತಿರ ತಂತಿಯ ಮೇಲೆ ನಿಂತೇ ಬದುಕಿದೆ. ಒಂದೊಂದಕ್ಕೆ ಒಂದು ಎ4 ಹಾಳೆಯಷ್ಟೂ ಜಾಗ ಇರಲಿಲ್ಲ. ಹಿಕ್ಕೆ ತಂತಿಯಿಂದ ಕೆಳಗೆ ಬೀಳುತ್ತಿತ್ತು. ಅದರ ಬಾಯಿಗೆ ಹಿಕ್ಕೆ ತಾಗಿದ್ದೇ ಅಪರೂಪ. ನಾಟಿ ಮರಿ ಹುಟ್ಟಿದ ದಿನದಿಂದ ಮಣ್ಣು ಕುಕ್ಕುತ್ತದೆ, ಸ್ವಲ್ಪ ಸ್ವಲ್ಪವೇ ಕಾಕ್ಸಿಡಿಯಾ ನುಂಗುತ್ತದೆ, ಅದಕ್ಕೆ ತಡೆಯುವ ಶಕ್ತಿ ಬೆಳೆಯುತ್ತದೆ. ಹಾಗಾಗಿ ದೊಡ್ಡ ನಾಟಿ ಕೋಳಿಗೆ ಈ ರೋಗ ಅಪರೂಪ. ನಿಮ್ಮ ಕೋಳಿ ದೊಡ್ಡದೇ, ಆದರೆ ಈ ರೋಗದ ಮಟ್ಟಿಗೆ ನಿನ್ನೆ ಹುಟ್ಟಿದ ಮರಿ. ಅದು ಮೊದಲ ಸಲ ಮಣ್ಣು ಕಂಡದ್ದೇ ಮಳೆಗಾಲದ ಬಾಗಿಲಿನಲ್ಲಿ.

ಮಳೆಗಾಲದ ಮಣ್ಣು ಈ ಪರಾವಲಂಬಿಗೆ ಹೇಳಿ ಮಾಡಿಸಿದ ಜಾಗ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆಯಂಥ ಕೋಶ ಒಣಗಿದ ನೆಲದಲ್ಲಿ ಬೆಳೆಯಲಾರದು. ತೇವ, ಗಾಳಿ, 25 ಡಿಗ್ರಿ ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹರಡಲು ತಯಾರಾಗುತ್ತದೆ. ಅದನ್ನು ಕೋಳಿ ನುಂಗಿದರೆ ಇನ್ನೊಂದು ವಾರದೊಳಗೆ ಸಾವಿರಗಟ್ಟಲೆ ಹೊಸ ಕೋಶ ಹೊರಗೆ. ಜಂತುಹುಳದ ಮೊಟ್ಟೆಯ ಕತೆಯೂ ಇಂಥದ್ದೇ. ಕೆಲವು ಜಂತುಗಳು ಎರೆಹುಳದ ಹೊಟ್ಟೆಯಲ್ಲಿ ಕೂತು ಕೋಳಿಗೆ ಬರುತ್ತವೆ. ಮಳೆ ಬಿದ್ದ ಕೂಡಲೇ ಎರೆಹುಳ ಮೇಲೆ ಬರುತ್ತವೆ, ಕೋಳಿ ಖುಷಿಯಿಂದ ತಿನ್ನುತ್ತದೆ. ರಕ್ತಭೇದಿಯ ಚಿಕಿತ್ಸೆ ಮುಗಿದು ಎರಡು ವಾರ ಕಳೆದ ಮೇಲೆ ಜಂತಿನ ಔಷಧಿಯನ್ನೂ ಡಾಕ್ಟರ ಹತ್ತಿರ ಕೇಳಿ ಕೊಡಿ.

ಈಗ ನಿಮ್ಮ ಟಾರ್ಪಾಲು. ಕೋಳಿ ಮೇಲಿನ ಕಾಳಜಿಯಿಂದಲೇ ಕಟ್ಟಿದ್ದೀರಿ, ಆದರೆ ನಾಲ್ಕೂ ಕಡೆ ಮುಚ್ಚಿದರೆ ಒಳಗಿನ ಹಸಿ ಹೊರಗೆ ಹೋಗಲು ದಾರಿಯಿಲ್ಲ. ಕೋಳಿಯ ಉಸಿರಿನಲ್ಲೂ ನೀರಿದೆ, ಹಿಕ್ಕೆಯಲ್ಲೂ ಇದೆ. ಹಸಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ. ನಾಳೆ ಬೆಳಗ್ಗೆ ಹೀಗೆ ಮಾಡಿ ನೋಡಿ: ಬಾಗಿಲು ತೆಗೆದ ಕೂಡಲೇ ಮೊಣಕಾಲೂರಿ ಕೂತು, ಕೋಳಿ ತಲೆಯ ಎತ್ತರಕ್ಕೆ ಮೂಗು ತಂದು ಉಸಿರೆಳೆಯಿರಿ. ನಿಂತಾಗ ವಾಸನೆ ಬರದ ಗೂಡಿನಲ್ಲೂ ಅಲ್ಲಿ ಮೂಗು ಚುರುಗುಟ್ಟಬಹುದು. ಕಣ್ಣು ಉರಿದರಂತೂ ಕೋಳಿಯ ಶ್ವಾಸಕೋಶಕ್ಕೆ ಆಗಲೇ ಪೆಟ್ಟು ಬಿದ್ದಿದೆ ಅಂತ ಅರ್ಥ. ಫಾರ್ಮಿನಿಂದ ಬರುವ ಕೋಳಿಗಳಲ್ಲಿ ಉಸಿರಾಟದ ಹಳೇ ಸೋಂಕು ಅಡಗಿರುವುದು ಸಾಮಾನ್ಯ. ಈ ಗಾಳಿ ಅದನ್ನು ಎಬ್ಬಿಸುತ್ತದೆ: ಮೂಗು ಸೋರೋದು, ಗೊರಗೊರ ಶಬ್ದ, ಕಣ್ಣಿನಲ್ಲಿ ನೊರೆ.

ಮುಂಗಾರಿನ ಗಾಳಿ ನಮ್ಮಲ್ಲಿ ನೈಋತ್ಯದಿಂದ ಬೀಸುತ್ತದೆ. ದಕ್ಷಿಣ, ಪಶ್ಚಿಮ ಈ ಎರಡು ಬದಿ ಮಾತ್ರ ಮುಚ್ಚಿ, ಅಲ್ಲೂ ಮಾಡಿನ ಕೆಳಗೆ ಒಂದಡಿ ಸಂದು ಬಿಡಿ. ಉಳಿದ ಎರಡು ಬದಿ ಬರೀ ಜಾಲರಿ ಸಾಕು. ಟಾರ್ಪಾಲಿಗಿಂತ ನಮ್ಮ ಹಿರಿಯರು ಜಗುಲಿಗೆ ಕಟ್ಟುತ್ತಿದ್ದ ಸೋಗೆ ತಟ್ಟಿ ಎಷ್ಟೋ ಮೇಲು. ಇರಚಲು ತಡೆಯುತ್ತದೆ, ಗಾಳಿ ಬಿಡುತ್ತದೆ. ಮಾಡಿನ ಅಂಚನ್ನು ಇನ್ನೊಂದು ಎರಡು ಮೂರು ಅಡಿ ಮುಂದಕ್ಕೆ ಚಾಚಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ.

ಸುಣ್ಣದ ವಿಚಾರ ಅರ್ಧ ನಿಜ. ಖಾಲಿ ನೆಲಕ್ಕೆ ಹಾಕಿದರೆ ಹುಳಿ ಕಡಿಮೆಯಾಗುತ್ತದೆ, ಸ್ವಲ್ಪ ತೇವ ಹೀರುತ್ತದೆ. ಆದರೆ ಕೋಳಿ ಒಳಗಿದ್ದಾಗ ಹಸಿ ಹಿಕ್ಕೆಯ ಮೇಲೆ ಎರಚಿದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಸುಡುಸುಣ್ಣವಾದರೆ ಒದ್ದೆ ಪಾದ ಬೆಂದೇ ಹೋಗುತ್ತದೆ. ಕೋಳಿ ಹೊರಗೆ ಹಾಕಿ, ಹಳೇ ಹಾಸು ಪೂರ್ತಿ ಎತ್ತಿ, ಅರಳಿದ ಸುಣ್ಣ ತೆಳ್ಳಗೆ ಉದುರಿಸಿ, ಮೇಲೆ ಹೊಸ ಹಾಸು ಹಾಕಿ. ಕಾಕ್ಸಿಡಿಯಾ ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಫಿನಾಯಿಲ್, ಬ್ಲೀಚಿಂಗ್ ಪುಡಿಗೂ ಅದು ಸುಲಭವಾಗಿ ಸಾಯುವುದಿಲ್ಲ. ಒಣಗಿಸುವುದೇ ಅದಕ್ಕೆ ಮದ್ದು.

ಹಾಗಾದರೆ ಮಲೆನಾಡಿನ ಆಷಾಢದಲ್ಲಿ ಒಣ ನೆಲ ಎಲ್ಲಿಂದ ತರೋದು? ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಹಾಗಾಗಿ ನೆಲವನ್ನು ಒಣಗಿಸುವ ಆಸೆ ಬಿಡಿ. ಕೋಳಿಯನ್ನು ನೆಲದಿಂದ ಮೇಲೆತ್ತಿ.

ನನಗೆ ಇಷ್ಟವಾದ ದಾರಿ ಮಾಡು ಹೊದಿಸಿದ ಅಂಗಳ. ಹತ್ತು ಕೋಳಿಗೆ ಕನಿಷ್ಠ 100 ಚದರಡಿ, ಜಾಸ್ತಿ ಆದಷ್ಟೂ ಒಳ್ಳೆಯದು, ಯಾಕೆಂದರೆ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಸುತ್ತ ಒಂದಡಿ ಜಂಬಿಟ್ಟಿಗೆ ಕಲ್ಲು ಇಟ್ಟು, ಒಳಗೆ ಜಲ್ಲಿ ಅಥವಾ ಗಟ್ಟಿ ಮಣ್ಣು ತುಂಬಿ ಎತ್ತರ ಮಾಡಿ. ಮೇಲಿನ ಬದಿಯಲ್ಲಿ ಬಸಿಗಾಲುವೆ ತೋಡಿ, ಗುಡ್ಡದ ನೀರು ಸುತ್ತಿ ಹೋಗಲಿ. ಇದು ಅಡಿಕೆ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾದ ವಿದ್ಯೆಯಲ್ಲ. ಅದರ ಮೇಲೆ ಆರು ಇಂಚು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು. ಕೊಟ್ಟಿಗೆಗೆ ಹಾಸಲು ಬೇಸಿಗೆಯಲ್ಲಿ ಕೂಡಿಟ್ಟ ಒಣ ದರಗು ಇದ್ದರೆ ಅದೂ ಆದೀತು, ಆದರೆ ಬೂಷ್ಟು ಹಿಡಿದದ್ದು ಬೇಡವೇ ಬೇಡ. ಬೂಷ್ಟಿನ ಪುಡಿ ಕೋಳಿಯ ಶ್ವಾಸಕೋಶದಲ್ಲಿ ಕೂತು ಬೆಳೆಯುತ್ತದೆ, ಅದಕ್ಕೆ ಔಷಧಿ ಕೆಲಸ ಮಾಡುವುದು ಕಡಿಮೆ. ಒದ್ದೆ ಬೈಹುಲ್ಲಿಗೂ ಇದೇ ಮಾತು.

ಹಾಸು ಸರಿಯಿದೆಯಾ ಅಂತ ಕೈಯೇ ಹೇಳುತ್ತದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ, ಕೈ ಬಿಡಿಸಿ. ನಿಧಾನವಾಗಿ ಬಿರಿದು ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಹಸಿ ಜಾಸ್ತಿಯಾಗಿದೆ, ಅಷ್ಟು ಭಾಗ ಎತ್ತಿ ಹೊಸದು ಹಾಕಿ. ಎತ್ತಿದ್ದು ಗೊಬ್ಬರದ ಗುಂಡಿಗೆ ಹೋಗಲಿ, ನಷ್ಟವೇನಿಲ್ಲ. ದಿನಾ ಒಮ್ಮೆ ಗೋರಿ ತಿರುವಿ ಹಾಕಿ. ನೀರಿನ ಪಾತ್ರೆಯ ಸುತ್ತ ಯಾವಾಗಲೂ ಜಾಸ್ತಿ ಹಸಿ ಇರುತ್ತದೆ. ಪಾತ್ರೆಯನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತಿಡಿ. ಚೆಲ್ಲೋದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇಷ್ಟು ಖರ್ಚು ಈಗ ಆಗದು ಅಂದರೆ ಅಡಿಕೆ ದಬ್ಬೆಯ ಅಟ್ಟ ಮಾಡಿ. ನೆಲದಿಂದ ಎರಡಡಿ ಮೇಲೆ, ದಬ್ಬೆಗಳ ನಡುವೆ ಸುಮಾರು ಒಂದಿಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ರೋಗದ ಸರಪಳಿ ಅಲ್ಲೇ ತುಂಡಾಗುತ್ತದೆ. ಅಗ್ಗದ, ಎರಡು ದಿನದಲ್ಲಿ ಮುಗಿಯುವ ಕೆಲಸ. ಇದಕ್ಕೂ ಅಪಾಯ ಇವೆ. ದಬ್ಬೆಯ ಚೂರು ಪಾದಕ್ಕೆ ಚುಚ್ಚುತ್ತದೆ, ಕತ್ತಿಯಿಂದ ಚೆನ್ನಾಗಿ ಹೆರೆದು ನುಣುಪು ಮಾಡಬೇಕು. ಕೆಳಗಿನಿಂದ ಮುಂಗುಸಿ, ಕಬ್ಬೆಕ್ಕು ಕಾಲು ಎಳೆಯುತ್ತವೆ, ಅರ್ಧ ಇಂಚಿನ ಗಟ್ಟಿ ವೆಲ್ಡ್ ಮೆಶ್ ಸುತ್ತಲೂ ಬೇಕು. ತೆಳ್ಳಗಿನ ಕೋಳಿ ಜಾಲರಿಯನ್ನು ಅವು ಹರಿಯುತ್ತವೆ. ತಿಂಗಳುಗಟ್ಟಲೆ ದಬ್ಬೆಯ ಮೇಲೆಯೇ ಕೂಡಿಟ್ಟರೆ ಪಂಜರದ ಬಾಳೇ ಮತ್ತೆ ಬಂದ ಹಾಗೆ. ಅದಕ್ಕೇ ಒಂದು ಮೂಲೆಯಲ್ಲಿ ಹೊಟ್ಟು ತುಂಬಿದ ಅಗಲ ಬುಟ್ಟಿ ಇಡಿ, ಕೆದಕಿಕೊಳ್ಳಲಿ.

ಅತ್ತೆಯವರ ಕೊಟ್ಟಿಗೆಯ ಸಲಹೆ ಕೆಟ್ಟದ್ದೇನಲ್ಲ, ಒಂದು ಷರತ್ತಿನ ಮೇಲೆ. ದನದ ಪಕ್ಕ ನೆಲದಲ್ಲಿ ಬೇಡ. ಗಂಜಲದ ಹಸಿ, ಅಮೋನಿಯಾ ಎರಡೂ ಅಲ್ಲಿ ಮೊದಲೇ ಇವೆ. ಜೊತೆಗೆ ಕೋಳಿ ಹಿಕ್ಕೆ ದನದ ಬಾನಿಗೆ, ಹುಲ್ಲಿಗೆ ಬೀಳಬಾರದು. ಕೊಟ್ಟಿಗೆಯಲ್ಲಿ ಒಣಗಿದ, ಗಾಳಿಯಾಡುವ ಬೇರೆ ಅಂಕಣ ಇದ್ದರೆ ಈ ವಾರಕ್ಕೆ ಅಲ್ಲಿಗೆ ಒಯ್ಯಿರಿ. ಔಷಧಿ ಕೊಡುವ ಐದು ದಿನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಿಮ್ಮಲ್ಲಿ ಸದ್ಯಕ್ಕೆ ಇಲ್ಲ.

ತೋಟಕ್ಕೆ ಬಿಡುವ ವಿಚಾರ ನೀವು ಕೇಳಿಲ್ಲ, ಆದರೆ ಹಿತ್ತಲ ಕೆಳಗೇ ತೋಟ ಇದೆ ಅಂದಿರಿ, ಅದಕ್ಕೇ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುವ ಕಾಲ ಇದು. 1 ಪರ್ಸೆಂಟ್ ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. ಗೊನೆಯಿಂದ ತೊಟ್ಟಿಕ್ಕಿದ್ದು ಹಾಳೆಯ ಮೇಲೆ, ಹೊಂಡದಲ್ಲಿ ನಿಲ್ಲುತ್ತದೆ, ಕೋಳಿ ಅದನ್ನು ಕುಡಿಯುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಕೋಳಿಯ ಹೊಟ್ಟೆಯ ಒಳಪದರ ಮತ್ತು ಲಿವರ್ ಎರಡನ್ನೂ ಕೆಡಿಸುತ್ತದೆ. ಔಷಧಿ ಕಲಸಿದ ಡ್ರಮ್ಮಿನ ಸುತ್ತ ಚೆಲ್ಲಿದ ನೀಲಿ ಹರಳಂತೂ ಇನ್ನೂ ಅಪಾಯ. ನಿಮ್ಮದಾಗಲಿ ಪಕ್ಕದವರದಾಗಲಿ, ಹೊಡೆದ ಮೇಲೆ ಒಳ್ಳೆಯ ಮಳೆ ಬಿದ್ದು ತೊಳೆದು ಹೋಗುವವರೆಗೆ ತೋಟಕ್ಕೆ ಬಿಡಲೇಬೇಡಿ. ಮಳೆ ಹೊಳವಾದ ದಿನ, ಪುಕ್ಕ ಬಂದ ಕೋಳಿಗಳನ್ನು ಸಂಜೆ ಒಂದು ಗಂಟೆ ಹಿತ್ತಲಿಗೆ ಬಿಟ್ಟು, ನೀವು ಎದುರಿಗೇ ಇರಿ. ಪಂಜರದ ಕೋಳಿಗೆ ಗಿಡುಗ ಬಂದರೆ ಓಡಬೇಕು ಅನ್ನೋದೂ ಗೊತ್ತಿಲ್ಲ, ಅದನ್ನು ಹೇಳಿಕೊಡಲು ತಾಯಿ ಇರಲಿಲ್ಲ.

ಕುಂಟುವ ಕೋಳಿಯನ್ನು ಹಿಡಿದು ಅಂಗಾತ ಮಾಡಿ ಪಾದ ನೋಡಿ. ಪಾದದ ನಡುವಿನ ಮೆತ್ತೆಯಲ್ಲಿ ಕಪ್ಪು ಚಕ್ಕೆ ಕಂಡರೆ, ಸುತ್ತ ಊದಿ ಬಿಸಿಯಿದ್ದರೆ ಅದು ಪಾದದ ಬಾವು. ಹಸಿಯಲ್ಲಿ ನೆನೆದು ಮೆತ್ತಗಾದ ಚರ್ಮ ಸೀಳಿ, ಒಳಗೆ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಹೋಗಿರುತ್ತದೆ. ಈಗಷ್ಟೇ ಶುರುವಾಗಿದ್ದರೆ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಬಟ್ಟೆ ಸುತ್ತಿ ಒಣ ಜಾಗದಲ್ಲಿ ಬೇರೆ ಇಡಿ. ಹಿಸುಕಬೇಡಿ, ಬ್ಲೇಡ್ ಹಾಕಬೇಡಿ. ಕೀವು ಕೋಳಿಯಲ್ಲಿ ಗಿಣ್ಣಿನಂತೆ ಗಟ್ಟಿಯಾಗುತ್ತದೆ, ಅದನ್ನು ತೆಗೆಯುವುದು ಡಾಕ್ಟರ ಕೆಲಸ. ಪಾದ ಚೊಕ್ಕವಾಗಿದ್ದೂ ಕುಂಟಿದರೆ ಮೂಳೆಯ ಮೇಲೆ ಅನುಮಾನ ಪಡಿ. 72 ವಾರಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಟ್ಟ ಕೋಳಿ ಇದು. ಕಾಡುಕೋಳಿ ಇಡುವುದು ವರ್ಷಕ್ಕೆ ಹತ್ತು ಹದಿನೈದು. ಒಂದೊಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಮೇವು ಸಾಲದಾಗ ಅದು ಮೂಳೆಯಿಂದಲೇ ಬಂದಿರುತ್ತದೆ. ಅದಕ್ಕೇ ಕೂರುವ ಕೋಲು ಒಂದಡಿಗಿಂತ ಎತ್ತರ ಬೇಡ, ಹಾರಿ ಇಳಿದರೆ ಮೂಳೆ ಮುರಿಯುತ್ತದೆ. ಕಪ್ಪೆಚಿಪ್ಪಿನ ತರಿ ಬೇರೆ ಬಟ್ಟಲಿನಲ್ಲಿ ಸದಾ ಇರಲಿ, ಬೇಕಾದಷ್ಟು ತಾನೇ ತಿನ್ನುತ್ತದೆ.

ಪುಕ್ಕ ಬರಲು ಪ್ರೋಟೀನ್ ಬೇಕು, ಪುಕ್ಕ ಅಂದರೇ ಬಹುಪಾಲು ಪ್ರೋಟೀನ್. ಅನ್ನ, ನುಚ್ಚು ಹಾಕಿ ಸಾಕಿದರೆ ಹೊಟ್ಟೆ ತುಂಬುತ್ತದೆ, ಪುಕ್ಕ ಬರುವುದಿಲ್ಲ. ಮೊಟ್ಟೆ ಕೋಳಿಯ ಲೇಯರ್ ಮ್ಯಾಶ್ ಮುಖ್ಯ ಆಹಾರ ಆಗಿರಲಿ. ಮೇಲೆ ಬೇಯಿಸಿದ ಹುರುಳಿ, ಬೇಯಿಸಿದ ಮೊಟ್ಟೆ, ಗೆದ್ದಲು ಕೊಡಬಹುದು. ಒಣಮೀನು ಕೊಡೋದಾದರೆ ಉಪ್ಪು ಹಾಕದ್ದು. ಉಪ್ಪು ಮೀನು ತಿಂದ ಕೋಳಿ ಬಾರಿ ಬಾರಿ ನೀರು ಕುಡಿಯುತ್ತದೆ, ಹಿಕ್ಕೆ ನೀರಾಗುತ್ತದೆ, ಹಾಸು ಹಸಿಯಾಗುತ್ತದೆ. ಹಲಸಿನ ರೆಚ್ಚೆ ಜಾಸ್ತಿ ಹಾಕಿದರೂ ಹೀಗೇ. ನಿಮ್ಮ ಕೋಳಿಯ ನೀರು ಹಿಕ್ಕೆಗೆ ಇದೂ ಒಂದು ಕಾರಣ ಇರಬಹುದು, ಈ ತಿಂಗಳಲ್ಲಿ ನಮ್ಮ ಕಡೆ ಹಲಸು ಇಲ್ಲದ ಮನೆ ಎಲ್ಲಿದೆ? ಮ್ಯಾಶ್ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಮುಚ್ಚಳದ ಡ್ರಮ್ಮಿನಲ್ಲಿ ನೆಲ ಬಿಟ್ಟು ಎತ್ತರದಲ್ಲಿಡಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಮೇವನ್ನು ಒಣಗಿಸಿ ಕೊಡಬೇಡಿ. ಬೂಷ್ಟು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಅರಿಶಿನ, ಬೆಳ್ಳುಳ್ಳಿ ನೀರು ಕೊಡುತ್ತೀರಾದರೆ ಕೊಡಿ, ತೊಂದರೆಯಿಲ್ಲ. ರಕ್ತಭೇದಿಗೆ ಅದೇ ಸಾಕು ಅಂತ ಮಾತ್ರ ಕಾಯಬೇಡಿ.

ಒಲೆಯ ಬೂದಿಗೆ ನಮ್ಮಲ್ಲಿ ಒಳ್ಳೆಯ ಉಪಯೋಗ ಇದೆ. ಕೊಕ್ಕು ಕತ್ತರಿಸಿದ ಕೋಳಿ ಹೇನನ್ನು ಹೆಕ್ಕಲಾರದು. ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ, ಬುಡದಲ್ಲಿ ಬಿಳಿ ಗುಂಪು ಕಂಡರೆ ಅದು ಹೇನಿನ ಮೊಟ್ಟೆ. ಮಾಡಿನ ಕೆಳಗೆ ಹಳೇ ಟೈರಿನಲ್ಲಿ ಒಣ ಮಣ್ಣು, ಪೂರ್ತಿ ಆರಿದ ಬೂದಿ ಬೆರೆಸಿ ತುಂಬಿಡಿ, ಹೊರಳಾಡಿ ಉದುರಿಸಿಕೊಳ್ಳುತ್ತವೆ. ಬೂದಿ ಒದ್ದೆಯಾದರೆ ಕ್ಷಾರವಾಗಿ ಬೋಳು ಚರ್ಮ ಸುಡುತ್ತದೆ, ಆವಾಗಾವಾಗ ಬದಲಿಸಬೇಕು.

ಮೊಟ್ಟೆ ನಿಂತಿದ್ದರೆ ಚಿಂತೆ ಬೇಡ. ಫಾರ್ಮಿನಲ್ಲಿ ದಿನಕ್ಕೆ 16 ಗಂಟೆ ಲೈಟು ಇತ್ತು. ಇಲ್ಲಿ ಹಗಲು ಸುಮಾರು 13 ಗಂಟೆ, ಅದೂ ಮೋಡದ ಹಗಲು. ಮೈ ಮೊಟ್ಟೆ ಬಿಟ್ಟು ಪುಕ್ಕದ ಕಡೆ ತಿರುಗಿದೆ, ಅದು ಒಳ್ಳೆಯದೇ. ಎರಡು ಮೂರು ತಿಂಗಳಲ್ಲಿ ಬೆನ್ನು ತುಂಬುತ್ತದೆ. ಔಷಧಿ ನಡೆಯುವಾಗ ಇಟ್ಟ ಮೊಟ್ಟೆ ತಿನ್ನಬೇಡಿ, ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ. ಉಳಿದಂತೆ ಚೆನ್ನಾಗಿ ಬೇಯಿಸಿ ತಿನ್ನಬಹುದು. ಫಾರ್ಮ್ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರೆ ಅನ್ನುವುದು ಬರೀ ಪುಕಾರು. ಅಷ್ಟು ಮೊಟ್ಟೆ ಬರುವುದು ತಳಿಯಿಂದ, ಲೈಟಿನಿಂದ, ಮೇವಿನಿಂದ.

ಈಗ ಯಜಮಾನರ ಮಾತು. ಪೂರ್ತಿ ಸುಳ್ಳಲ್ಲ. ಇಷ್ಟು ಮೊಟ್ಟೆ ಇಟ್ಟ ಕೋಳಿಗಳಿಗೆ ಗರ್ಭನಾಳದ ತೊಂದರೆ, ಹೊಟ್ಟೆಯೊಳಗೇ ಮೊಟ್ಟೆ ಒಡೆದು ಸೋಂಕಾಗೋದು ಸಾಮಾನ್ಯ. ನೀವು ಎಲ್ಲ ಸರಿಯಾಗಿ ಮಾಡಿದರೂ ಈ ಹತ್ತರಲ್ಲಿ ಕೆಲವು ಬರುವ ಮಳೆಗಾಲ ನೋಡದೇ ಇರಬಹುದು. ಅದು ನಿಮ್ಮ ಆರೈಕೆಯ ಕೊರತೆ ಅಲ್ಲ. ಆದರೆ "ಬದುಕಲ್ಲ" ಅನ್ನೋದನ್ನು ನಾನು ಒಪ್ಪುವುದಿಲ್ಲ. ಪುಕ್ಕ ತುಂಬಿ, ಜುಟ್ಟು ಕೆಂಪಾಗಿ, ವರ್ಷಗಟ್ಟಲೆ ಹಿತ್ತಲಲ್ಲಿ ಓಡಾಡಿಕೊಂಡಿದ್ದ ಇಂಥ ಕೋಳಿಗಳನ್ನು ನಾನು ನೋಡಿದ್ದೇನೆ. ನೀವು ತಂದದ್ದು ತಪ್ಪಲ್ಲ. ತಂದ ತಿಂಗಳು ಮಾತ್ರ ಕಷ್ಟದ್ದು. ಯಾವುದಾದರೂ ಕೋಳಿ ಮೇವು ಬಿಟ್ಟು, ಎದ್ದು ನಿಲ್ಲಲಾರದೆ, ಚಿಕಿತ್ಸೆಗೂ ಸ್ಪಂದಿಸದೆ ನರಳುತ್ತಿದ್ದರೆ ಡಾಕ್ಟರ ಹತ್ತಿರ ನೋವಿಲ್ಲದ ಸಾವಿನ ಬಗ್ಗೆ ಮಾತಾಡಿ. ಅದೂ ಆರೈಕೆಯೇ.

ಮಾಡು ಹೊದಿಸಿದ ಅಂಗಳ, ದಬ್ಬೆ ಅಟ್ಟ, ಕೊಟ್ಟಿಗೆಯ ಅಂಕಣ ಮೂರೂ ಆಗದೇ ಹೋದರೆ, ಬಯಲುಸೀಮೆ ಕಡೆ ಸಾಕಬಲ್ಲ ನೆಂಟರು ಇದ್ದಾರಾ ನೋಡಿ. ರೋಗ ಪೂರ್ತಿ ವಾಸಿಯಾದ ಮೇಲೆ, ಅವರ ಮನೆಯಲ್ಲಿ ಬೇರೆ ಕೋಳಿ ಇಲ್ಲದಿದ್ದರೆ, ಅಕ್ಟೋಬರ್‌ವರೆಗೆ ಅಲ್ಲಿ ಬಿಟ್ಟಿರಬಹುದು. ಈಗಿನ ಸ್ಥಿತಿಯಲ್ಲಿ ಕಳಿಸಿದರೆ ರೋಗವನ್ನೂ ಕಳಿಸಿದ ಹಾಗೆ, ಪ್ರಯಾಣದಲ್ಲೇ ಕೆಲವು ಹೋಗುತ್ತವೆ.

ಪಕ್ಕದ ಮನೆಯ ನಾಟಿ ಕೋಳಿಗಳನ್ನು ದೂರ ಇಡಿ, ಎರಡು ಕಡೆಯ ಒಳ್ಳೆಯದಕ್ಕೂ. ನಿಮ್ಮ ಕೋಳಿಗೆ ಫಾರ್ಮಿನಲ್ಲಿ ಕೊಕ್ಕರೆ ರೋಗದ (ರಾಣಿಖೇತ್ ಅನ್ನುವ ವೈರಸ್ ಕಾಯಿಲೆ) ಲಸಿಕೆ ಹಾಕಿರುತ್ತಾರೆ. ಅವರ ಕೋಳಿಗೆ ಬಹುಶಃ ಹಾಕಿಲ್ಲ. ಲಸಿಕೆ ಆದ ಕೋಳಿ ಕಾಯಿಲೆ ತೋರಿಸದೆ ವೈರಸ್ ಹರಡಬಲ್ಲದು. ಅವರ ಅಂಗಳಕ್ಕೆ ಹೋಗಿ ಬಂದ ಚಪ್ಪಲಿಯಲ್ಲಿ ನಿಮ್ಮ ಗೂಡಿಗೆ ಹೋಗಬೇಡಿ, ಗೂಡಿಗೇ ಅಂತ ಬೇರೆ ಚಪ್ಪಲಿ ಇಡಿ. ಅವರೂ ತಮ್ಮ ಕೋಳಿಗೆ ಲಸಿಕೆ ಹಾಕಿಸಲಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಯಾವಾಗ ಸಿಗುತ್ತದೆ ಅಂತ ಹೇಳುತ್ತಾರೆ.

ಇನ್ನೂ ಕೋಳಿ ತರುವ ಮನಸ್ಸಿದ್ದರೆ ದೀಪಾವಳಿ ಕಳೆಯಲಿ. ನವೆಂಬರಿನಿಂದ ಫೆಬ್ರವರಿ ಒಳಗೆ ತನ್ನಿ. ಹೊಸದಾಗಿ ತಂದವನ್ನು ಒಂದು ತಿಂಗಳು ಬೇರೆ ಇಡಿ, ಹಿಕ್ಕೆ ಪರೀಕ್ಷೆ ಮಾಡಿಸಿ, ಆಮೇಲೆ ಒಣ ಮಣ್ಣಿಗೆ ದಿನಕ್ಕೆ ಸ್ವಲ್ಪ ಹೊತ್ತು ಬಿಡುತ್ತಾ ಬನ್ನಿ. ಒಣ ನೆಲದಲ್ಲಿ ರೋಗದ ಕೋಶ ಕಡಿಮೆ ಇರುತ್ತದೆ, ಸ್ವಲ್ಪ ಸ್ವಲ್ಪ ನುಂಗಿ ತಡೆಯುವ ಶಕ್ತಿ ಬೆಳೆಯುತ್ತದೆ. ಜೂನ್ ಬರುವ ಹೊತ್ತಿಗೆ ಬೆನ್ನ ಮೇಲೆ ಪುಕ್ಕವೂ ಇರುತ್ತದೆ. ಗೂಡಿಗೆ ಹಾಸಲು ಬೇಕಾದ ಹೊಟ್ಟನ್ನು ಮಾತ್ರ ಏಪ್ರಿಲಿನಲ್ಲೇ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿ. ಮಳೆ ಹಿಡಿದ ಮೇಲೆ ಒಣ ಹೊಟ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.